ಸದ್ದಿಲ್ಲದ ವಾಡೆಗೆ ಬಳೆ ತೊಡಿಸಿದವಳು

ಔರಾದದ ವಜೀರಬೀಗೆ ಮುಖಗಳಿಗಿಂತ ಕೈಗಳ ನೆನಪು ಹೆಚ್ಚು. ಯಾರದೇ ಅಂಗೈಯನ್ನು ಒಮ್ಮೆ ಹಿಸುಕಿ, ಹೆಬ್ಬೆರಳಿನ ಬುಡ ಮಡಚಿ ನೋಡಿದರೆ ಯಾವ ಅಳತೆಯ ಬಳೆ ಏರುತ್ತದೆಂದು ಹೇಳಿಬಿಡುತ್ತಿದ್ದಳು. ಕಸುಬು ಅತ್ತೆಯಿಂದ ಬಂದದ್ದು. ನಲವತ್ತೆಂಟರಲ್ಲಿ ಭಾರತದ ಸೈನ್ಯ ನಿಜಾಮನ ರಾಜ್ಯಕ್ಕೆ ನುಗ್ಗಿ ಪೊಲೀಸ್ ಆಕ್ಷನ್ ಆದ ವಾರ ಗಂಡ ಗುಲಾಮ ರಸೂಲ ಭಾಲ್ಕಿ ಸಂತೆಗೆ ಬಳೆ ಹೊತ್ತು ಹೋದವನು ಮರಳಲಿಲ್ಲ. ಹೆಣವೂ ಸಿಗಲಿಲ್ಲ. ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡು ಕೂತಳು. ಆಮೇಲೆ ಮಗಳನ್ನು ನೆರೆಮನೆಯಲ್ಲಿ ಬಿಟ್ಟು, ಬಳೆಯ ಮಲಾರ ಹೆಗಲಿಗೇರಿಸಿ ತಾನೇ ಹೊರಟಳು. ಹಳೆಯ ಗಿರಾಕಿಗಳಲ್ಲಿ ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವರು ಏನೂ ಆಗಿಲ್ಲವೆಂಬಂತೆ ಕೈ ಚಾಚಿದರು.

ಡಾಬಕಾ ಹಳ್ಳಿ ದಾಟಿ, ಹೊಲಗಳ ನಡುವೆ ಒಂಟಿಯಾಗಿ ನಿಂತ ಒಂದು ವಾಡೆ ಇತ್ತು. ಎತ್ತರದ ಗೋಡೆ, ಒಂದೇ ಬಾಗಿಲು, ಒಳಗೆ ಅಣ್ಣತಮ್ಮಂದಿರ ಐದಾರು ಸಂಸಾರ. ಕಟ್ಟುನಿಟ್ಟಿನ ಭಜನೆಯ ಜನ. ಹಿರಿಯಳು ಕೌಸಲ್ಯಾಬಾಯಿ, ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಹಿಂದೆ ಅತ್ತೆಯ ಜೊತೆ ಬಂದಾಗ ಇವರ ತಾಳದ ಸದ್ದು ಅರ್ಧ ಹರದಾರಿಯಿಂದಲೇ ಕೇಳುತ್ತಿತ್ತು.

ನಲವತ್ತೊಂಬತ್ತರ ಪಂಚಮಿಗೆ ಹೋದಾಗ ಏನೂ ಕೇಳಲಿಲ್ಲ. ಮನೆ ಬಿಟ್ಟು ಹೋಗಿದ್ದಾರೆಂದು ತಿಳಿದೇ ಬಾಗಿಲು ದೂಡಿದಳು. ಅಂಗಳದಲ್ಲಿ ಇಪ್ಪತ್ತು ಜನ ಸಾಲಾಗಿ ಕೂತು ಭಜನೆ ಮಾಡುತ್ತಿದ್ದರು. ತುಟಿಗಳು ಆಡುತ್ತಿದ್ದವು, ದನಿ ಇರಲಿಲ್ಲ. ತಾಳಗಳಿಗೆ ಬಟ್ಟೆ ಸುತ್ತಿದ್ದರು. ಮುಂದಿನ ಸಾಲಿನ ಮಕ್ಕಳೂ ಹಾಗೆಯೇ ತುಟಿ ಆಡಿಸುತ್ತಿದ್ದವು. ಬಾಗಿಲು ಕಿರುಗುಟ್ಟಿದರೂ ಒಂದು ಮಗುವೂ ತಿರುಗಿ ನೋಡಲಿಲ್ಲ.

ಬಳೆ ತೊಡಲು ಆರು ಹುಡುಗಿಯರು ಬಂದು ಕೂತರು. ಕೈಗೊಂದೇ ಬಳೆ, ಅದೂ ಅರಗಿನದು ಸಾಕು ಎಂದಳು ಆಯಿ. ಎರಡು ಹಾಕಿದರೆ ಸದ್ದಾಗುತ್ತದಂತೆ. ಎಳೆಯ ಕೈ ಹಿಸುಕಿದರೆ ಯಾವ ಹುಡುಗಿಯಾದರೂ ಮುಲುಗುತ್ತಾಳೆ, ಕೈ ಎಳೆದುಕೊಳ್ಳುತ್ತಾಳೆ. ಈ ಆರು ಜನ ಉಸಿರು ಬಿಗಿಹಿಡಿದು ಸುಮ್ಮನೆ ಕೂತಿದ್ದರು. ಒಬ್ಬೊಬ್ಬಳ ಮಣಿಕಟ್ಟಿನಲ್ಲೂ ಹಗ್ಗ ಉಜ್ಜಿದ ಕಂದು ಪಟ್ಟೆ.

ಕೊನೆಗೆ ಆಯಿ ಇನ್ನೊಂದು ಜೊತೆ ಕೇಳಿದಳು, ನಾಲ್ಕು ವರ್ಷದ ಕೂಸಿನ ಕೈಗೆ. ಯಾರಿಗೆಂದು ಕೇಳಿದರೆ ಅಂಗಳದ ಮೂಲೆಯ ಹಗೇವಿನ ಕಡೆ ನೋಡಿದಳು. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಎದೆಮಟ್ಟದ ಗುಂಡಿ ಅದು. ಕಿರಿದಾದ ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಕುಂಕುಮ ಬಳಿದಿದ್ದರು. ವಜೀರಬೀ ಬಳೆಗಳನ್ನು ಆ ಕಲ್ಲಿನ ಮೇಲಿಟ್ಟು ಬಂದಳು.

ಸಂಗತಿ ಹೇಳಿದವಳು ಆಯಿಯ ಸಣ್ಣ ಸೊಸೆ ಸಖುಬಾಯಿ, ಹೊರಗೆ ಬಾವಿಕಟ್ಟೆಯ ಹತ್ತಿರ, ಪಿಸುದನಿಯಲ್ಲಿ. ಹೋದ ವರ್ಷದ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರ ಕುದುರೆಗಳು ಬಂದಾಗ ಮನೆಯ ಹೆಂಗಸರು ಮಕ್ಕಳೆಲ್ಲ ಆ ಹಗೇವಿನಲ್ಲಿ ಇಳಿದಿದ್ದರು. ಹಿರಿಯ ಮಗನ ಕೂಸು ಗಂಗೂ ಅಳತೊಡಗಿತು. ಆಯಿ ಅದರ ಬಾಯಿಗೆ ಅಂಗೈ ಒತ್ತಿದಳು. ಮೇಲೆ ಹುಡುಕಾಡಿದವರು ಹೊರಟುಹೋದರು. ಆಯಿ ಕೈ ತೆಗೆದಾಗ ಕೂಸು ಏಳಲಿಲ್ಲ. ಅದನ್ನು ಅಲ್ಲೇ ಹಗೇವಿನ ತಳದಲ್ಲಿ ಹೂತರು. ಮೌನದಲ್ಲೇ ದೇವರಿದ್ದಾನೆ, ಗಂಗೂ ಆ ಮೌನದ ದೇವಿ ಎಂದು ಆಯಿ ಅಂದಿನಿಂದ ಹೇಳತೊಡಗಿದಳು. ಅಳುವ ಮಕ್ಕಳ ಮಣಿಕಟ್ಟಿಗೆ ಹಗ್ಗ ಕಟ್ಟಿ ಹಗೇವಿಗೆ ಇಳಿಸುವುದು ಸೇವೆಯಾಯಿತು.

"ಒಳ್ಳೇದಕ್ಕ ಮಾಡ್ತಾರ್ರಿ," ಎಂದಳು ಸಖುಬಾಯಿ. ಹೇಳುವಾಗ ಅವಳು ನೀರು ನೋಡುತ್ತಿದ್ದಳು.

ವಜೀರಬೀ ಯಾರಿಗೂ ಹೇಳಲಿಲ್ಲ. ಹಿಂದೂಗಳ ದೇವರ ಮನೆಯ ಮೇಲೆ ಮುಸಲ್ಮಾನರ ವಿಧವೆ ದೂರು ತಂದಳೆಂದರೆ ಆ ದಿನಗಳಲ್ಲಿ ಏನಾಗುತ್ತಿತ್ತೋ. ಮರುವರ್ಷ ಮತ್ತೆ ಹೋದಳು. ಆರು ಜನಕ್ಕೆ ತೊಡಿಸಿದ ಮೇಲೆ ಆಯಿ, "ಗಂಗೂಗ ಈ ಸಲ ಒಂದ ಅಳತಿ ದೊಡ್ಡದು ಕೊಡು. ಬೆಳದಾಳ," ಎಂದಳು. ಬೇಳೆಗೆ ಉಪ್ಪು ಹೆಚ್ಚಾಗಿದೆ ಎಂದಂತೆ ಅಷ್ಟು ಸಹಜವಾಗಿ ಹೇಳಿದಳು. ಔರಾದ ಮುಟ್ಟುವವರೆಗೂ ವಜೀರಬೀ ಹಿಂದೆ ತಿರುಗಿ ನೋಡಲಿಲ್ಲ.

ಐವತ್ತೊಂದರಲ್ಲಿ ಸಾಲಿನಲ್ಲಿ ಐದೇ ಜನ ಇದ್ದರು. ಮೂರನೆಯವಳು ಸುಂದರಾ, ಸಖುಬಾಯಿಯ ಏಳು ವರ್ಷದ ಮಗಳು, ಕಾಣಲಿಲ್ಲ. ಸಖುಬಾಯಿ ಕಂಬಕ್ಕೆ ಆತು ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಗಂಗೂಗೆಂದು ಆಯಿ ಏಳು ವರ್ಷದ ಅಳತೆಯ ಜೊತೆ ಕೇಳಿದಳು.

"ಕೈ ಹಿಡೀಲಾರದ ನಾ ಅಳತಿ ಕೊಡೂದಿಲ್ರಿ ಆಯಿ," ಎಂದಳು ವಜೀರಬೀ. ಇದರಿಂದ ಮಾತು ಮುಗಿದೀತು ಎಂದುಕೊಂಡಿದ್ದಳು.

ಆಯಿ ಸ್ವಲ್ಪ ಯೋಚಿಸಿ ಎದ್ದಳು. ಚಪ್ಪಡಿಯನ್ನು ಗೇಣಷ್ಟು ಸರಿಸಿ, ಕಲ್ಲಿಗೆ ಮೂರು ಸಲ ಬೆರಳಿನಿಂದ ಮೆಲ್ಲಗೆ ತಟ್ಟಿದಳು. "ಹಿಡಿ," ಎಂದಳು.

ಕತ್ತಲೆಯೊಳಗಿಂದ ಒಂದು ಸಣ್ಣ ಕೈ ಮೇಲೆ ಬಂತು.

ವಜೀರಬೀ ಮುಂದೆ ಬಾಗಿ ಹಿಡಿದಳು. ಕೈ ತಣ್ಣಗಿತ್ತು, ಉಗುರಿನಲ್ಲಿ ಮಣ್ಣು. ಕೊಟ್ಟ ವಸ್ತುವಿನಂತೆ ಅವಳ ಅಂಗೈಯಲ್ಲಿ ಬಿದ್ದುಕೊಂಡಿತು. ಬೆರಳು ಮಡಚಿ ಅವಳನ್ನು ಹಿಡಿಯಲಿಲ್ಲ. ಅಭ್ಯಾಸದಿಂದ ಹೆಬ್ಬೆರಳಿನ ಬುಡ ಮಡಚಿದಳು. ಈ ಕೈ ಅವಳಿಗೆ ಗೊತ್ತಿತ್ತು. ಎರಡು ವರ್ಷ ತಾನೇ ಬಳೆ ತೊಡಿಸಿದ್ದ, ಸಾಲಿನ ಮೂರನೆಯ ಕೈ. ಮಣಿಕಟ್ಟಿನಲ್ಲಿ ನಾಡಿ ಗುಬ್ಬಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು.

ಬಳೆ ಏರಿಸಿದ ಮೇಲೂ ಅವಳು ಆ ಕೈ ಬಿಡಲಿಲ್ಲ. ಬಿಡು ಎಂದಳು ಆಯಿ. ಗಂಡಸರು ಎದ್ದು ಬಂದು ಸುತ್ತ ನಿಂತರು. ಬಾಯಿ ತೆರೆದು ಒಬ್ಬರೂ ಕೂಗಲಿಲ್ಲ; ಆ ಮನೆಯಲ್ಲಿ ಕೂಗುವುದು ಎಲ್ಲರಿಗೂ ಮರೆತುಹೋಗಿತ್ತು. ಅಷ್ಟೊಂದು ಜನ, ಅಷ್ಟು ಹತ್ತಿರ, ಉಸಿರಾಟವೊಂದೇ ಕೇಳುತ್ತಿತ್ತು.

ವಜೀರಬೀ ನೆಲಕ್ಕೆ ಕೂತು, ಮಾಮೂಲಿ ದನಿಯಲ್ಲೇ ಮಾತಾಡಿದಳು. ಆ ಅಂಗಳದಲ್ಲಿ ಅದು ಕೂಗಿದಂತೆ ಕೇಳಿಸಿತು.

"ಪೊಲೀಸ್ ಆಕ್ಷನ್ ಆದಾಗ ನಾನೂ ಜ್ವಾಳದ ಹೊಲದಾಗ ನನ್ನ ಮಗಳ ಬಾಯಿ ಮುಚ್ಚಿ ಮಲಗಿದ್ದೆ, ಆಯಿ. ನನ್ನ ಕೈ ಒಂದೀಟು ಸಡ್ಲ ಇತ್ತು, ನಿಮ್ಮದು ಬಿಗಿ ಆತು. ಫರಕ ಅಷ್ಟ. ಅದು ದೇವರಲ್ರಿ, ಅಂಜಿಕಿ."

ಆಯಿಯ ಮುಖದಲ್ಲಿ ಸಿಟ್ಟು ಬರಲಿಲ್ಲ. ಅವಳು ಬಾಗಿಲ ಕಡೆ ಕಣ್ಣು ಹೊರಳಿಸಿ, ವಜೀರಬೀಯ ಕಿವಿಯ ಹತ್ತಿರ ಬಾಗಿದಳು.

"ಸಣ್ಣಗ ಮಾತಾಡು. ಇನ್ನಾ ಹೊರಗ ನಿಂತಾರ."

ಹೊರಗೆ ಬಯಲು ಬಿಟ್ಟರೆ ಏನೂ ಇರಲಿಲ್ಲ. ಆ ಕುದುರೆಗಳು ಹೋಗಿ ಮೂರು ವರ್ಷ ಮೇಲಾಗಿತ್ತು. ಆದರೂ ಸುತ್ತ ನಿಂತವರೆಲ್ಲ ಒಮ್ಮೆಲೇ ಬಾಗಿಲ ಕಡೆ ತಿರುಗಿದರು, ಮಕ್ಕಳೂ ತಿರುಗಿದವು. ಅದನ್ನು ಕಂಡು ವಜೀರಬೀಗೂ ಒಂದು ಗಳಿಗೆ ಅತ್ತ ನೋಡಲು ಧೈರ್ಯ ಬರಲಿಲ್ಲ.

ಆಗ ಕಂಬದ ಹತ್ತಿರ ನಿಂತಿದ್ದ ಸಖುಬಾಯಿ ಬಂದಳು. ಯಾರ ಮುಖವನ್ನೂ ನೋಡದೆ ಚಪ್ಪಡಿಗೆ ಹೆಗಲು ಕೊಟ್ಟು ತಳ್ಳಿದಳು. ಕಲ್ಲು ಉರುಳಿದ ಸದ್ದಿಗೆ ಗಂಡಸರು ಕಿವಿ ಮುಚ್ಚಿಕೊಂಡರು. ಇಬ್ಬರೂ ಸೇರಿ ಹುಡುಗಿಯನ್ನು ಮೇಲೆಳೆದರು. ಊಟದ ಹೊತ್ತಿನಲ್ಲಿ ನಕ್ಕಳೆಂದು ಮೂರು ದಿನದ ಹಿಂದೆ ಇಳಿಸಿದ್ದರಂತೆ. ಬಿಸಿಲಿಗೆ ಕಣ್ಣು ಮುಚ್ಚಿಕೊಂಡಳು, ಅಳಲಿಲ್ಲ. ತಾಯಿ ಮಗಳನ್ನು ಎತ್ತಿಕೊಂಡು ವಜೀರಬೀಯ ಹಿಂದೆ ಹೊರಬಿದ್ದಳು. ಯಾರೂ ತಡೆಯಲಿಲ್ಲ. ಬಾಗಿಲ ಹೊಸ್ತಿಲವರೆಗೆ ಬಂದವರು ಅಲ್ಲೇ ನಿಂತರು.

ದೂರು ಕೊಡಲು ಹೋದರೆ ಪೊಲೀಸರು ವಜೀರಬೀಯನ್ನೇ ಇಡೀ ದಿನ ಠಾಣೆಯಲ್ಲಿ ಕೂರಿಸಿದರು. ಆ ಮನೆಯಲ್ಲಿ ನಿನಗೇನು ಕೆಲಸವೆಂದು ಮತ್ತೆ ಮತ್ತೆ ಕೇಳಿದರು. ಸಖುಬಾಯಿ ಮಗಳ ಮಣಿಕಟ್ಟು ತೋರಿಸಿ ಹೇಳಿಕೆ ಕೊಟ್ಟ ಮೇಲೆ ಹೋಗಿ ಹಗೇವು ಅಗೆಸಿದರು. ಗಂಗೂವಿನ ಎಲುಬು ಸಿಕ್ಕವು, ಊರ ಜನ ಅವನ್ನು ತೆಗೆದು ಮಣ್ಣು ಮಾಡಿದರು. ಮುದುಕಿಯೆಂದು ಆಯಿಯನ್ನು ಜೈಲಿಗೆ ಹಾಕಲಿಲ್ಲ. ಭಾಲ್ಕಿಯಲ್ಲಿದ್ದ ಅವಳ ಮಗಳು ಕರೆದೊಯ್ದಳು. ಅಲ್ಲಿ ಒಂದು ಪಾತ್ರೆ ಬಿದ್ದರೂ ಎದ್ದು ಹತ್ತಿರದ ಮಗುವಿನ ಬಾಯಿ ಮುಚ್ಚಲು ಓಡುತ್ತಿದ್ದಳಂತೆ. ಎರಡು ವರ್ಷ ಬದುಕಿದಳು. ವಾಡೆಯ ಉಳಿದವರು ಚೆದುರಿಹೋದರು. ಗಡಿಯಾಚೆಯ ಒಂದು ಹಳ್ಳಿಯಲ್ಲಿ ಈಗಲೂ ತಾಳಕ್ಕೆ ಬಟ್ಟೆ ಸುತ್ತಿ ಕೂಡುವವರಿದ್ದಾರೆಂದು ಯಾರೋ ಹೇಳಿದ್ದನ್ನು ವಜೀರಬೀ ನಂಬಿದ್ದಳು.

ಸಖುಬಾಯಿ ಔರಾದದಲ್ಲೇ ಒಂದು ಕೋಣೆ ಹಿಡಿದು ಕೂಲಿಗೆ ಹೋಗತೊಡಗಿದಳು. ಸುಂದರಾ ಒಂದು ವರ್ಷ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಮೆಟ್ಟಿಲಿನಿಂದ ಬಿದ್ದು ಮೊಣಕಾಲು ಒಡೆದುಕೊಂಡು, ಓಣಿಯೆಲ್ಲ ಎದ್ದು ಬರುವಂತೆ ಚೀರಿದಳು. ಸಖುಬಾಯಿ ಓಡಿಬಂದಳು. ಅವಳ ಅಂಗೈ ತಾನಾಗಿಯೇ ಮಗಳ ಬಾಯಿಯತ್ತ ಹೋಗಿತ್ತು. ಅರ್ಧ ದಾರಿಯಲ್ಲಿ ಅದನ್ನು ಅವಳೇ ನೋಡಿಕೊಂಡಳು, ನೋಡಿ ಕೈಯನ್ನು ಸೀರೆಯಲ್ಲಿ ಸುತ್ತಿಕೊಂಡು ನಿಂತುಬಿಟ್ಟಳು.

"ಅಳಲಿ ಬಿಡು," ಎಂದಳು ವಜೀರಬೀ, ಹುಡುಗಿಯ ಪಕ್ಕದಲ್ಲಿ ಕೂತು.

ಸುಂದರಾ ಸಂಜೆಯವರೆಗೂ ಅತ್ತಳು.