ಮೂರು ಬೆರಳಿನ ಗೆರೆ

ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ಮೈ ಉರಿಯುತ್ತದೆ. ಸುಳ್ಳು ಹೇಳದೆಯೂ ಒಬ್ಬ ಮನುಷ್ಯನ ಅನ್ನ ಕೀಳಬಹುದು. ಒಂದೊಂದು ಅಂಕಿಯೂ ಸರಿಯಾಗಿದ್ದು, ಕೆಳಗೆ ಅಧಿಕಾರಿಯ ರುಜು ಇದ್ದು, ಎಲ್ಲವೂ ಕ್ರಮಬದ್ಧವಾಗಿದ್ದೇ ಕೀಳಬಹುದು. ನಾನು ಕಿತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಕೆಲಮಂಗಲದ ಕಡೆಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಕಲಿತು, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೊಸೂರಿನ ಒಂದು ಕಾರ್ಖಾನೆಗೆ ಸೇರಿದೆ. ಗಾಡಿಗಳಿಗೆ ಬೇಕಾದ ಉಕ್ಕಿನ ಪಿನ್ನುಗಳನ್ನು ಮಾಡುವ ಕಾರ್ಖಾನೆ. ನನ್ನನ್ನು ಕ್ವಾಲಿಟಿ ಸೆಕ್ಷನ್ನಿನಲ್ಲಿ ಕೂರಿಸಿದರು. ಯಾವ ವಿಭಾಗದಲ್ಲಿ ಎಷ್ಟು ಮಾಲು ಕೆಟ್ಟುಹೋಯಿತು ಎಂಬುದನ್ನು ವಾರವಾರ ಲೆಕ್ಕ ಹಾಕಿ, ಗ್ರಾಫ್ ಕಾಗದದ ಮೇಲೆ ಗೆರೆ ಎಳೆದು, ಆಯಾ ವಿಭಾಗದ ಬಾಗಿಲ ಪಕ್ಕದ ಹಲಗೆಗೆ ಪಿನ್ನು ಹೊಡೆಯುವುದು ನನ್ನ ಕೆಲಸ. ಕಪ್ಪು ಇಂಡಿಯನ್ ಇಂಕು, ಸಣ್ಣ ಮೂತಿಯ ಪೆನ್ನು, ಅಕ್ಷರಗಳಿಗೆ ಪ್ಲಾಸ್ಟಿಕ್ ಸ್ಟೆನ್ಸಿಲ್. ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದೆ. ನನ್ನ ಗೆರೆ ನಡುಗಿದ್ದನ್ನು ಯಾರೂ ನೋಡಿಲ್ಲ ಎಂದು ಆಗ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆ ಚಾರ್ಟುಗಳನ್ನು ಸಾಹೇಬರುಗಳಿಗಾಗಿ ಬರೆಯುತ್ತಿದ್ದೇನೆಂದು ನಾನು ತಿಳಿದಿದ್ದೆ. ಪಿನ್ನುಗಳಿಗೆ ಸಾಣೆ ಹಿಡಿಯುವ ಗ್ರೈಂಡಿಂಗ್ ಸೆಕ್ಷನ್ನಿನವರು ಅದನ್ನು ಓದುತ್ತಾರೆಂದು ಗೊತ್ತಾದದ್ದು ಎರಡು ಮೂರು ವರ್ಷಗಳ ಮೇಲೆ. ಅಲ್ಲಿ ಮೆಷಿನ್ನಿಗೆ ನಿಂತವರಲ್ಲಿ ಅರ್ಧ ಜನರಿಗೆ ಇಂಗ್ಲಿಷು ಬಾರದು. ಅವರು ಹಲಗೆಯ ಮುಂದೆ ನಿಂತು, ಚಾರ್ಟಿನ ತಳದ ಗೆರೆಯಿಂದ ಮೇಲಕ್ಕೆ ಬೆರಳುಗಳನ್ನು ಅಡ್ಡಡ್ಡ ಇಟ್ಟು ಅಳೆಯುತ್ತಿದ್ದರು. ಮಲ್ಲಿಗೆ ಹೂ ಮಾರುವವಳು ಮೊಳ ಹಾಕುವ ಹಾಗೆ. ಮೂರು ಬೆರಳು ಅಂದರೆ ವಾರ ಚೆನ್ನಾಗಿ ಹೋಯಿತು ಎಂದರ್ಥ. ಐದು ದಾಟಿದರೆ ಯಾರಿಗೋ ಬೈಗುಳ ಕಾದಿದೆ ಎಂದರ್ಥ. ಇದನ್ನು ಕಂಡ ಮೇಲೆ ನಾನು ಗೆರೆಯ ಅಳತೆಯನ್ನೇ ಬದಲಾಯಿಸಿದೆ. ನೂರಕ್ಕೆ ಒಂದು ಪಿನ್ನು ಕೆಟ್ಟರೆ ಕಾಗದದ ಮೇಲೆ ಸರಿಯಾಗಿ ಒಂದು ಬೆರಳಿನ ಎತ್ತರ. ಅದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು.

ಅಲ್ಲಿ ಸೂಳಗಿರಿ ಹತ್ತಿರದ ಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಒಬ್ಬ ಟೆಂಪರರಿ ಕೆಲಸಗಾರನಿದ್ದ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆದರೆ ಕೈಯಲ್ಲಿ ಏನೋ ಒಂದು ಹದವಿತ್ತು. ಗೇಜ್ ಇಟ್ಟು ನೋಡುವ ಮೊದಲೇ ಪಿನ್ನನ್ನು ಬೆರಳ ಮೇಲೆ ಉರುಳಿಸಿ, ಇದು ದಪ್ಪ, ಇದು ಸರಿ ಎಂದು ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ಪ್ರತಿ ಸೋಮವಾರ ನಾನು ಚಾರ್ಟು ಹಾಕಲು ಹೋದಾಗ ಅವನೇ ಮೊದಲು ಬಂದು ಅಳೆಯುತ್ತಿದ್ದ. ಅಳೆದು ನನ್ನ ಕಡೆ ತಿರುಗಿ, "ಮೂರೇ ಬೆರ್ಳು ಕಣಣ್ಣಾ," ಎಂದು ನಗುತ್ತಿದ್ದ. ನಾಲ್ಕು ವರ್ಷ ಟೆಂಪರರಿಯಾಗಿಯೇ ಇದ್ದ. ಮುಂದಿನ ಸಲ ಮದ್ರಾಸಿನ ಹೆಡ್ಡಾಫೀಸಿನಿಂದ ಜನರಲ್ ಮ್ಯಾನೇಜರು ಬಂದಾಗ ಅವನನ್ನು ಖಾಯಂ ಮಾಡುವುದೆಂದು ಮಾತಾಗಿತ್ತು. ಆ ಭರವಸೆಯ ಮೇಲೆ ಹುಡುಗಿಯ ಮನೆಯವರು ಮದುವೆಗೆ ಒಪ್ಪಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮಲ್ಲಿಗೆ ಕಂಪ್ಯೂಟರು ಬಂತು. ಇಡೀ ಆಫೀಸಿನಲ್ಲಿ ಏರ್ ಕಂಡೀಷನರ್ ಇದ್ದದ್ದು ಅದರ ಕೋಣೆಗೆ ಮಾತ್ರ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ನಾನು ಹಟ ಹಿಡಿದು ಸ್ಪ್ರೆಡ್‌ಶೀಟ್ ಕಲಿತೆ. ಅಂಕಿ ತುಂಬಿದರೆ ಚಾರ್ಟನ್ನು ಅದೇ ಬರೆಯುತ್ತಿತ್ತು. ಒಂದು ತಿಂಗಳು ಗುದ್ದಾಡಿ, ತಳ ಸೊನ್ನೆ, ತುದಿ ಹತ್ತು ಎಂದು ಅಳತೆಯನ್ನು ಕಟ್ಟಿಹಾಕಿ, ಪ್ರಿಂಟರಿನಿಂದ ಬರುವ ಕಾಗದದಲ್ಲೂ ಒಂದಕ್ಕೆ ಒಂದು ಬೆರಳು ಬರುವ ಹಾಗೆ ಮಾಡಿದೆ. ನಮ್ಮ ಕ್ವಾಲಿಟಿ ಆಫೀಸರು ಎಲ್ಲರೆದುರು ಬೆನ್ನು ತಟ್ಟಿ, ಇನ್ನು ಮೇಲೆ ಇವರು ಡ್ರಾಫ್ಟ್ಸ್‌ಮನ್ ಅಲ್ಲ, ಕಂಪ್ಯೂಟರ್ ಮನುಷ್ಯ ಎಂದರು. ಆ ಮಾತು ನನ್ನ ತಲೆಗೇರಿತು. ಪೆನ್ನುಗಳನ್ನು ತೊಳೆದು, ಹಳೆಯ ಮೇಜಿನ ಡ್ರಾಯರಿಗೆ ಹಾಕಿ, ಇನ್ನು ಇವನ್ನು ಮುಟ್ಟುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದೆ.

ಒಂದು ವರ್ಷ ಸುಸೂತ್ರವಾಗಿ ಹೋಯಿತು. ಅಷ್ಟರಲ್ಲಿ ಮದ್ರಾಸಿನವರು ಅದೇ ಸ್ಪ್ರೆಡ್‌ಶೀಟಿನ ಹೊಸ ಆವೃತ್ತಿ ತರಿಸಿಕೊಂಡರು. ಅವರು ಕಳಿಸಿದ ಫ್ಲಾಪಿ ನಮ್ಮಲ್ಲಿ ತೆರೆಯುವುದಿಲ್ಲ ಎಂದಾಯಿತು. ಸರಿ, ನಮಗೂ ಹೊಸದು ಬಂತು. ಬೇಕೆಂದು ಇಲ್ಲಿ ಯಾರೂ ಕೇಳಿರಲಿಲ್ಲ. ಬೆಂಗಳೂರಿನಿಂದ ಟೈ ಕಟ್ಟಿಕೊಂಡ ಒಬ್ಬ ಬಂದು, ಒಂದರ ಹಿಂದೆ ಒಂದು ಫ್ಲಾಪಿ ತುರುಕಿ, ಹಳೆಯದನ್ನು ಅಳಿಸಿ, ಎಲ್ಲ ಹಾಗೇ ಇದೆ ಸಾರ್, ಇನ್ನೂ ಚೆನ್ನಾಗಿದೆ ಎಂದು ಕಾಫಿ ಕುಡಿದು ಹೊರಟುಹೋದ. ದಪ್ಪ ಪುಸ್ತಕವೊಂದನ್ನು ಕೊಟ್ಟು ಹೋಗಿದ್ದ. ಬೆಲೆ ಬಾಳುವ ವಸ್ತುವೆಂದು ಆಫೀಸರು ಅದನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಓದಬೇಕಾದವನು ನಾನು, ಬೀಗದ ಕೈ ಅವರ ಜೇಬಿನಲ್ಲಿ. ನಮ್ಮ ಕಡೆ ಎಲ್ಲ ಆಫೀಸಿನಲ್ಲೂ ಹೀಗೆಯೇ.

ಜನರಲ್ ಮ್ಯಾನೇಜರು ಬರುವ ದಿನ ಅದಾದ ಮೂರನೇ ದಿನಕ್ಕೇ ಬಿತ್ತು. ಮೀಟಿಂಗು ಹನ್ನೊಂದಕ್ಕೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಫೈಲು ತೆರೆದೆ. ಅಂಕಿಗಳೆಲ್ಲ ಇದ್ದವು, ಚಾರ್ಟು ಮಾತ್ರ ಇರಲಿಲ್ಲ. ಹೊಸದಾಗಿ ಮಾಡೋಣವೆಂದರೆ ಗೆರೆಯ ಬದಲು ಕಂಬಗಳು ಬಂದವು. ಕಂಬ ತೆಗೆದು ಗೆರೆ ತಂದರೆ ತಲೆಬರಹ ಗೆರೆಯ ಮೇಲೆಯೇ ಹತ್ತಿ ಕುಳಿತಿತು. ಅದನ್ನು ಸರಿಸಿದರೆ ಪ್ರಿಂಟರು ಅರ್ಧ ಪುಟ ಹೊಡೆದು, ಉಳಿದರ್ಧವನ್ನು ಮುಂದಿನ ಪುಟದಲ್ಲಿ ಕಕ್ಕಿತು. ಎಂಟು ಹತ್ತು ಕಾಗದ ಹರಿದೆ. ಯಾವ ಆಜ್ಞೆ ಎಲ್ಲಿತ್ತೋ ಅದು ಅಲ್ಲಿರಲಿಲ್ಲ. ವರ್ಷವಿಡೀ ಕಣ್ಣು ಮುಚ್ಚಿ ಒತ್ತುತ್ತಿದ್ದ ಕೀಲಿಗಳು ಈಗ ಬೇರೇನನ್ನೋ ಮಾಡುತ್ತಿದ್ದವು. ಆ ತಣ್ಣನೆಯ ಕೋಣೆಯಲ್ಲಿ ಕೂತು ನನ್ನ ಬೆನ್ನು ಬೆವರಿತು. ಆ ಟೈ ಕಟ್ಟಿದವನಿಗೆ ನನಗೆ ಬರುವ ಮೂರು ಭಾಷೆಯಲ್ಲೂ ಶಾಪ ಹಾಕಿದೆ.

ಹತ್ತು ಗಂಟೆಗೆ ಒಂದು ಚಾರ್ಟು ಪೂರ್ತಿಯಾಗಿ ಹೊರಬಂತು. ಗ್ರೈಂಡಿಂಗಿನಲ್ಲಿ ಹಿಂದಿನ ಮೂರು ತಿಂಗಳಲ್ಲಿ ಕೆಟ್ಟ ಮಾಲು ನೂರಕ್ಕೆ ಮೂರರಿಂದ ಮೂರೂವರೆಗೆ ಏರಿತ್ತು, ಅಷ್ಟೇ. ಸಾಣೆಕಲ್ಲಿನ ಹೊಸ ಲಾಟು ಸರಿಯಿರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಳೆಯ ಚಾರ್ಟಿನಲ್ಲಾದರೆ ಅದು ಅರ್ಧ ಬೆರಳಿನ ಏರಿಕೆ. ಹೊಸ ಸ್ಪ್ರೆಡ್‌ಶೀಟು ತನ್ನಷ್ಟಕ್ಕೆ ತಾನೇ ತಳವನ್ನು ಮೂರು, ತುದಿಯನ್ನು ಮೂರೂವರೆ ಎಂದು ಇಟ್ಟುಕೊಂಡು, ಗೆರೆಯನ್ನು ಕಾಗದದ ಈ ಮೂಲೆಯಿಂದ ಆ ಮೂಲೆಗೆ ನೆಟ್ಟಗೆ ಹತ್ತಿಸಿಬಿಟ್ಟಿತ್ತು. ಅಂಚಿನ ಅಂಕಿಗಳು ಸಾಸಿವೆ ಕಾಳಿನಷ್ಟು, ಅದೂ ಮಾಸಿದ ರಿಬ್ಬನ್ನಿನಲ್ಲಿ. ತಳವನ್ನು ಸೊನ್ನೆಗೆ ಇಳಿಸುವ ಜಾಗ ಎಷ್ಟು ಹುಡುಕಿದರೂ ಸಿಗಲಿಲ್ಲ. ಪುಸ್ತಕ ಬೀರುವಿನಲ್ಲಿತ್ತು. ಬೀಗದ ಕೈ ಇದ್ದ ಆಫೀಸರು ಸಾಹೇಬರನ್ನು ಕರೆತರಲು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದರು.

ನಮ್ಮ ಟೈಪಿಸ್ಟು, ಮೈಸೂರಿನಿಂದ ಗಂಡನ ಜೊತೆ ಬಂದು ಹೊಸೂರಿನಲ್ಲಿ ನೆಲೆಸಿದ್ದ ಹಿರಿಯ ಹೆಂಗಸು, ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು.

"ಇನ್ನೂ ಒಂದು ಗಂಟೆ ಇದೆಯಲ್ಲ. ಕೈಯಲ್ಲೇ ಬರೆದುಬಿಡಿ," ಎಂದರು.

ಬರೆಯಬಹುದಿತ್ತು. ನಲವತ್ತು ನಿಮಿಷ ಸಾಕಿತ್ತು ನನಗೆ. ಗ್ರಾಫ್ ಕಾಗದ, ಪೆನ್ನು ಎಲ್ಲ ಹತ್ತು ಹೆಜ್ಜೆ ದೂರದಲ್ಲಿದ್ದವು. ಆದರೆ ಕಂಪ್ಯೂಟರ್ ಮನುಷ್ಯ ಮತ್ತೆ ಇಂಕು ಬಾಟಲಿ ಹಿಡಿದು ಕೂತರೆ ನೋಡಿದವರು ಏನೆಂದಾರು? ಮುಟ್ಟುವುದಿಲ್ಲ ಎಂದು ಹೇಳಿದ್ದೆನಲ್ಲ ಎಲ್ಲರ ಮುಂದೆ. ಅಂಕಿ ಸರಿಯಾಗಿದೆಯಲ್ಲ, ಓದುವವರು ಓದಿಕೊಳ್ಳುತ್ತಾರೆ ಬಿಡಿ ಎಂದು ಆಕೆಗೆ ಸಿಡುಕಿ ಹೇಳಿದೆ. ಆಕೆ ತಮ್ಮ ಟೈಪ್‌ರೈಟರಿಗೆ ಹಿಂತಿರುಗಿದರು. ಇಷ್ಟು ವರ್ಷವಾದರೂ ಆ ಒಂದು ಗಂಟೆಯನ್ನು ನಾನು ನನಗೆ ಕ್ಷಮಿಸಿಲ್ಲ.

ಮೀಟಿಂಗಿನಲ್ಲಿ ಜನರಲ್ ಮ್ಯಾನೇಜರು ಚಾರ್ಟನ್ನು ಕೈ ಚಾಚಿ ದೂರ ಹಿಡಿದು ನೋಡಿದರು. ಕನ್ನಡಕ ಹಾಕಿಕೊಳ್ಳಲಿಲ್ಲ. ಈ ಸೆಕ್ಷನ್ನಿನಲ್ಲಿ ಟೆಂಪರರಿ ಯಾರಿದ್ದಾರೆ ಎಂದು ತಮಿಳಿನಲ್ಲಿ ಕೇಳಿದರು. ಒಬ್ಬನೇ ಎಂದು ಆಫೀಸರು ಹೇಳಿದರು. ಇಂಥ ಚಾರ್ಟು ಇಟ್ಟುಕೊಂಡು ಅವನನ್ನು ಖಾಯಂ ಮಾಡಿ ಎನ್ನುತ್ತೀರಾ, ಈ ತಿಂಗಳಿಗೆ ನಿಲ್ಲಿಸಿ ಎಂದು ಕಾಗದ ಮಗುಚಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಸಾರ್, ತಳ ಸೊನ್ನೆಯಲ್ಲ, ಮೂರು ಎಂಬಿಷ್ಟು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಯಾಕೆ ಸೊನ್ನೆಗೆ ಇಳಿಸಲಿಲ್ಲ ಎಂದು ಕೇಳುತ್ತಾರೆ. ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅವರು ಮುಂದಿನ ಸೆಕ್ಷನ್ನಿಗೆ ಹೋಗಿದ್ದರು.

ಪದ್ಧತಿಯಂತೆ ಆ ಚಾರ್ಟನ್ನು ನಾನೇ ತೆಗೆದುಕೊಂಡು ಹೋಗಿ ಹಲಗೆಗೆ ಹಾಕಿದೆ. ಅವನು ಎಂದಿನ ಹಾಗೆ ಬಂದ. ಬೆರಳಿಟ್ಟ. ಒಂದು ಕೈಯ ಬೆರಳುಗಳು ಮುಗಿದವು, ಇನ್ನೊಂದು ಕೈಯನ್ನು ಮೇಲೆ ಸೇರಿಸಿದ. ಅದೂ ಸಾಲದೆ ಮತ್ತೆ ಮೊದಲ ಕೈಯನ್ನು ಮೇಲಕ್ಕೆ ತಂದ. ಪಕ್ಕದಲ್ಲಿದ್ದವನು ಇದೇನ್ಲಾ ಇಷ್ಟೊಂದು ಎಂದು ನಕ್ಕ. ಅವನು ನಗಲಿಲ್ಲ. ನನ್ನ ಕಡೆ ಒಂದು ಸಲ ನೋಡಿದ. ಟೈಮಾಯಿತು ಎನ್ನುವಂತೆ ವಾಚು ನೋಡಿಕೊಂಡು ನಾನು ಅಲ್ಲಿಂದ ಜಾರಿಕೊಂಡೆ. ಸಂಜೆ ಅವನ ಕೈಗೆ ಕೆಲಸದಿಂದ ಬಿಡಿಸಿದ ಕಾಗದ ಬಂತು.

ಹತ್ತು ದಿನದ ಮೇಲೆ ಆಫೀಸರು ಯಾವುದೋ ಬೇರೆ ಕೆಲಸಕ್ಕೆ ಬೀರು ತೆರೆದಾಗ ಪುಸ್ತಕ ಕೇಳಿ ಇಸಿದುಕೊಂಡೆ. ಅಳತೆ ಕಟ್ಟುವ ಆಜ್ಞೆಯನ್ನು ಹೊಸ ಆವೃತ್ತಿ ಮಾಡಿದವರು ಇನ್ನೊಂದು ಪಟ್ಟಿಯ ಕೆಳಗೆ ಸರಿಸಿದ್ದರು. ಮೂರು ಕೀಲಿ ಒತ್ತಿದರೆ ಆಯಿತು. ಒತ್ತಿದೆ, ಸರಿಯಾದ ಚಾರ್ಟು ಬಂತು. ತಳದಲ್ಲಿ ಸೊನ್ನೆ, ಗೆರೆ ಮಲಗಿದ ಹಾಗೆ ಇತ್ತು. ಅದನ್ನು ಆಫೀಸರ ಮುಂದಿಟ್ಟು ಎಲ್ಲ ಹೇಳಿದೆ. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಅಂಕಿ ಎರಡರಲ್ಲೂ ಒಂದೇ ಅಲ್ಲವೇ ಎಂದರು. ಹೌದು ಎಂದೆ. ಹಾಗಾದರೆ ತಪ್ಪೇನಾಯಿತು, ಸುಮ್ಮನೆ ಮುಗಿದದ್ದನ್ನು ಕೆದಕಬೇಡಿ ಎಂದರು. ನಾನೂ ಕೆದಕಲಿಲ್ಲ. ನನಗೂ ಅದೇ ಬೇಕಿತ್ತೋ ಏನೋ.

ಅವನ ಮದುವೆ ಮುರಿಯಿತೆಂದು ಕ್ಯಾಂಟೀನಿನಲ್ಲಿ ಯಾರೋ ಹೇಳಿದರು. ಕೃಷ್ಣಗಿರಿಯ ಮಾವಿನ ಮಂಡಿಯಲ್ಲಿ ಲಾರಿಗೆ ಬುಟ್ಟಿ ಹೊರುತ್ತಾನೆಂದೂ ಹೇಳಿದರು. ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಹೊಸೂರಿನ ಒಂದು ಸಣ್ಣ ವರ್ಕ್‌ಶಾಪಿನವರು ಒಳ್ಳೆ ಗ್ರೈಂಡರ್ ಕೆಲಸಗಾರ ಬೇಕು ಎಂದು ನನ್ನನ್ನು ಕೇಳಿದರು. ಒಂದು ಭಾನುವಾರ ಸೂಳಗಿರಿಗೆ ಹೋಗಿ ಅವನನ್ನು ಹುಡುಕಿದೆ. ಬಸ್ ಸ್ಟಾಪಿನ ಹತ್ತಿರದ ಟೀ ಅಂಗಡಿಯಲ್ಲೇ ಸಿಕ್ಕ. ಹೆಗಲು ಅಗಲವಾಗಿತ್ತು, ಅಂಗೈ ಒರಟಾಗಿ ಸೀಳುಬಿಟ್ಟಿತ್ತು. ನನ್ನನ್ನು ಕಂಡು ಎದ್ದು ನಿಂತ. ಬೇಡವೆಂದರೂ ಟೀ ಹೇಳಿದ. ಅವನ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕೆಲಸದ ವಿಷಯ ಹೇಳಿದೆ. ಪಕ್ಕಾ ಕೆಲಸ, ಮಾಲೀಕ ಪರಿಚಯದವನು, ನಾಳೆಯೇ ಬಂದರೂ ಸೇರಿಸಿಕೊಳ್ಳುತ್ತಾನೆ ಎಂದೆ. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಲೋಟವನ್ನು ಬೆಂಚಿನ ಮೇಲೆ ಇಟ್ಟ.

"ಬ್ಯಾಡಣ್ಣಾ. ಆ ಕೆಲ್ಸ ಚೆನ್ನಾಗ್ ಬತ್ತದೆ ಅಂತ ನಾನೇ ಅನ್ಕಂಬುಟ್ಟಿದ್ದೆ. ಅಷ್ಟೊಂದ್ ಮಾಲ್ ಕೆಡಿಸ್ತಾ ಇದ್ರೂ ನಂಗೆ ಗೊತ್ತೇ ಆಗ್ನಿಲ್ಲ ನೋಡಿ. ನೀವ್ ಬರ್ದ್ ಹಾಕಿದ್ಮೇಕೇ ಗೊತ್ತಾಗಿದ್ದು. ಇನ್ನೊಬ್ರ ಮಾಲ್ ಯಾಕ್ ಕೆಡಿಸ್ಲಿ?"

ಹಾಗಲ್ಲ ಎಂದೆ. ಅಷ್ಟು ಮಾತ್ರ ಹೇಳಿದೆ.

"ನೀವ್ ಒಳ್ಳೇದಕ್ಕೇ ಯೋಳ್ತೀರ, ಗೊತ್ತು," ಎಂದ.

ಹೊಸೂರಿನ ಬಸ್ಸು ಬಂತು. ನಾನು ಹತ್ತುವಾಗ ಅವನು ಜನರನ್ನು ಸರಿಸಿ, ಕಿಟಕಿಯ ಪಕ್ಕದ ಸೀಟಿನ ಮೇಲೆ ಹೊರಗಿನಿಂದಲೇ ತನ್ನ ಟವಲು ಎಸೆದು ನನಗೆ ಜಾಗ ಹಿಡಿದುಕೊಟ್ಟ. ಕೂತುಕೊಂಡೆ. ಟವಲನ್ನು ಕಿಟಕಿಯಿಂದ ಹೊರಕ್ಕೆ ಕೊಟ್ಟೆ. ನಿಜ ಹೇಳುವುದಕ್ಕೆ ಬಸ್ಸು ಹೊರಡುವವರೆಗೂ ಸಮಯವಿತ್ತು.