ಸಿಂಕಿಗೆ ಹೋದ ಓಬೋ ಕಡ್ಡಿಗಳು

ಕಳೆದ ಭಾನುವಾರ ಬೆಳಗ್ಗೆ, ಉಪ್ಪಿಟ್ಟಿಗೆ ಒಗ್ಗರಣೆ ಸಿಡಿಯುತ್ತಿದ್ದ ಹೊತ್ತಿನಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ನಮ್ಮ ಮನೆಯ ಸಿಂಕು ಒಬ್ಬ ಕಲಾವಿದೆಯ ದನಿಯನ್ನು ನುಂಗಿಹಾಕಿತು. ಗರ್ರ್ ಎಂದು ಒಂದು ಸದ್ದು. ಅಷ್ಟೇ.

ಮೊದಲಿನಿಂದ ಹೇಳುತ್ತೇನೆ.

ಮಗಳು ದಿಯಾ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಅವಳ ಬ್ಯಾಂಡ್ ಟೀಚರಿಂದ ಒಂದು ಈಮೇಲು ಬಂತು. ಸ್ಲೊವೇನಿಯಾದಿಂದ ಮರದ ಊದುವಾದ್ಯ ನುಡಿಸುವ ಐದು ಜನರ ವುಡ್‌ವಿಂಡ್ ತಂಡ ಬರುತ್ತಿದೆ, ರೆಡ್‌ವುಡ್ ಸಿಟಿಯ ಚರ್ಚೊಂದರಲ್ಲಿ ಕಛೇರಿ, ಎರಡು ದಿನದ ಮಟ್ಟಿಗೆ ಒಬ್ಬೊಬ್ಬರನ್ನು ಯಾರಾದರೂ ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ? ಪೂರ್ತಿ ಓದುವ ಮೊದಲೇ ಯೆಸ್ ಎಂದು ಬರೆದು ಕಳಿಸಿದೆ. ಆ ದೇಶ ಎಲ್ಲಿದೆ ಎಂದು ಹುಡುಕಿದ್ದು ಆಮೇಲೆ. (ಇಟಲಿಯ ಪಕ್ಕ. ಸ್ಲೊವಾಕಿಯಾ ಬೇರೆ. ಅತಿಥಿಯ ಮುಂದೆ ಈ ತಪ್ಪು ಮಾಡಬೇಡಿ. ನಾನು ಮಾಡಿದೆ.)

ನಮ್ಮ ಪಾಲಿಗೆ ಬಂದವರು ಮಾಯಾ. ಹೌದು, ಅವರ ಕಡೆಯೂ ಈ ಹೆಸರಿದೆಯಂತೆ! ಮೈಸೂರಿನಿಂದ ಬಂದಿರುವ ನನ್ನ ಅತ್ತೆಗೆ ಅದೊಂದರಿಂದಲೇ ಅರ್ಧ ಸಮಾಧಾನವಾಯಿತು. ಆಕೆ ತಂದುಕೊಟ್ಟ ಜೇನುತುಪ್ಪದಿಂದ ಇನ್ನರ್ಧ.

ಮಾಯಾ ನುಡಿಸುವುದು ಓಬೋ. ಕಪ್ಪು ಮರದ ಕೊಳವೆ, ಅದರ ತುದಿಗೆ ಜೊಂಡಿನಿಂದ ಮಾಡಿದ ಪುಟ್ಟ ಕಡ್ಡಿ. ಅದಕ್ಕೆ ರೀಡ್ ಎನ್ನುತ್ತಾರೆ. ಮೊದಲ ಸಂಜೆ ನಾನು ಆಕೆಗೆ ಊಟ ಮಾಡಲು ಬಿಡದಂತೆ ಪ್ರಶ್ನೆ ಕೇಳಿದೆ. ವುಡ್‌ವಿಂಡ್ ಅಂದಮೇಲೆ ನಿಮ್ಮ ತಂಡದಲ್ಲಿ ಹಿತ್ತಾಳೆಯ ಹಾರ್ನ್ ಯಾಕೆ?

“ಹಾರ್ನ್ ಅಲ್ವಾ, ಅವನು ಒಳ್ಳೆ ನೆರೆಮನೆಯವನು. ಎಲ್ಲರ ಜೊತೆ ಹೊಂದಿಕೊಳ್ತಾನೆ” ಎಂದು ನಕ್ಕರು.

ಭಾನುವಾರ ಬೆಳಗ್ಗೆ ಮಾಯಾ ಮೂರು ರೀಡುಗಳನ್ನು ಒಂದೊಂದಾಗಿ ಬಾಯಲ್ಲಿಟ್ಟು ಊದಿ ನೋಡಿದರು. ಮೂರನ್ನೂ ಒಂದು ಲೋಟ ನೀರಿಗೆ ಹಾಕಿ, ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದರು. ರೀಡು ನೆನೆಯಬೇಕು, ಒಣಗಿದ್ದರೆ ನುಡಿಯುವುದಿಲ್ಲ.

ಅತ್ತೆಗೆ ಕಂಡದ್ದೇ ಬೇರೆ. ಬಾಯಿಂದ ತೆಗೆದ ಕಡ್ಡಿ, ಅದನ್ನು ಅದ್ದಿದ ನೀರು, ಅದೂ ಉಪ್ಪಿಟ್ಟಿನ ಬಾಣಲೆಯ ಮಗ್ಗುಲಲ್ಲಿ. ಎಂಜಲು! ಈ ವಿಷಯದಲ್ಲಿ ನಮ್ಮ ಅತ್ತೆ ಯಾರ ಮಾತೂ ಕೇಳುವವರಲ್ಲ. ಕಚ್ಚಿ ಕುಡಿಯುವ ಮೊಮ್ಮಗಳಿಗೇ ಈ ಮನೆಯಲ್ಲಿ ಬೇರೆ ಬಾಟಲಿ. ಲೋಟವನ್ನು ಸಿಂಕಿಗೆ ಬಗ್ಗಿಸಿದರು, ಕಸ ಅರೆಯುವ ಡಿಸ್ಪೋಸಲ್ ಸ್ವಿಚ್ಚು ಒತ್ತಿದರು.

“ಅತ್ತೆ, ಆ ಲೋಟದಲ್ಲಿ ಏನೋ ಇತ್ತಲ್ವಾ?”

“ಏನೋ ಕಡ್ಡಿ ಇತ್ತು ಕಣೆ. ಹಲ್ಲು ಚುಚ್ಚೋ ಕಡ್ಡಿ ಅಂದ್ಕೊಂಡೆ.”

ಸಿಂಕಿನೊಳಗೆ ಬಗ್ಗಿ ನೋಡಿದೆ, ಏನೂ ಉಳಿದಿರಲಿಲ್ಲ. ಒದ್ದೆ ಕೂದಲು ಒರೆಸಿಕೊಳ್ಳುತ್ತಾ ಮಾಯಾ ಕೆಳಗಿಳಿದು ಬಂದರು, ಕಟ್ಟೆ ನೋಡಿದರು, ನನ್ನನ್ನು ನೋಡಿದರು. ನಾಯಿ ಸಾಕಿದ್ದರೆ ನಾಯಿಯ ಮೇಲೆ ಹಾಕಿಬಿಡುತ್ತಿದ್ದೆ. ಸುಳ್ಳೊಂದನ್ನು ಹೊಂದಿಸುತ್ತಿರುವಾಗಲೇ ದಿಯಾ ಸಿರಿಯಲ್ ಬಟ್ಟಲಿನಿಂದ ತಲೆ ಎತ್ತದೆ ಹೇಳಿದಳು: “ಅಜ್ಜಿ ಪುಟ್ ದೆಮ್ ಇನ್ ದ ಡಿಸ್ಪೋಸಲ್.”

ಮಾಯಾ ಕುರ್ಚಿಯ ಮೇಲೆ ಕುಳಿತರು.

“ಕೆಂಪು ದಾರದ್ದೂ ಹೋಯ್ತಾ?”

ಕೆಂಪು ದಾರ ಸುತ್ತಿದ ರೀಡು ಅವತ್ತಿನ ಕಛೇರಿಗೆಂದೇ ಎರಡು ವಾರದಿಂದ ಪಳಗಿಸಿದ್ದು. ಸಂಜೆ ನಾಲ್ಕಕ್ಕೆ ಕಾರ್ಯಕ್ರಮ. ನಿಧಾನಗತಿಯ ಒಂದು ಹಾಡಿದೆ, ಅವರ ಬೆಟ್ಟದ ಸೀಮೆಯದು, ಓಬೋ ಒಂದೇ ಶುರುಮಾಡಬೇಕು. ಉಳಿದ ನಾಲ್ವರೂ ಆಗ ಸುಮ್ಮನಿರುತ್ತಾರೆ. ಪೆಟ್ಟಿಗೆಯಲ್ಲಿ ಇರುವುದೆಲ್ಲ ಇನ್ನೂ ಕೆತ್ತದ ರೀಡುಗಳು.

ಅವರು ಕೂಗಾಡಲಿಲ್ಲ. ಊಟದ ಮೇಜು ಮತ್ತು ಒಳ್ಳೆಯ ಬೆಳಕು ಕೇಳಿದರು. ಪುಟ್ಟ ಚಾಕು ತೆಗೆದು ಹೊಸ ರೀಡನ್ನು ಹೆರೆಯತೊಡಗಿದರು. ಹೆರೆಯುವುದು, ನೀರಿಗೆ ಅದ್ದುವುದು, ಬಾಯಲ್ಲಿಟ್ಟು ಊದುವುದು. ಕ್ರಾ ಎಂದು ಒಂದು ಸದ್ದು, ಮುಖ ಕಿವುಚುವುದು, ಮತ್ತೆ ಹೆರೆಯುವುದು. ಹೆಚ್ಚು ಹೆರೆದರೆ ಕೆಟ್ಟಿತು, ಕಡಿಮೆಯಾದರೆ ನುಡಿಯದು. ವೇದಿಕೆಯ ಮೇಲಿರುವವರ ಅರ್ಧ ಆಯಸ್ಸು ಹೀಗೆ ಕಡ್ಡಿ ಹೆರೆಯುವುದರಲ್ಲೇ ಕಳೆಯುತ್ತದೆಂದು ನಮಗೆ ಯಾರು ಹೇಳಿದ್ದರು?

ನನಗೆ ತಡೆಯಲಾಗಲಿಲ್ಲ. “ಅಂಗಡೀಲಿ ರೆಡಿ ಸಿಗಲ್ವಾ?”

“ಸಿಗತ್ತೆ. ಆದ್ರೆ ಅದು ಬೇರೆ ಯಾರದೋ ಬಾಯಿಗೆ ಸರಿ, ನನ್ನ ಬಾಯಿಗಲ್ಲ.”

ಎದುರಿನ ಕುರ್ಚಿಯಲ್ಲಿ ಸೆರಗು ಹಿಂಡುತ್ತಾ ಕೂತಿದ್ದ ಅತ್ತೆಗೆ ಅನುವಾದಿಸಿದೆ. ಅವರು ಸೆರಗು ಬಿಟ್ಟು ನೆಟ್ಟಗೆ ಕೂತರು.

“ಒಬ್ಬರ ಬಾಯೀದು ಇನ್ನೊಬ್ಬರಿಗೆ ಆಗಲ್ಲ ಅಂತ ತಾನೆ? ನಾನು ಇಷ್ಟು ವರ್ಷದಿಂದ ಹೇಳ್ತಿರೋದೂ ಅದೇ ಅಲ್ವೇನೇ?”

ಆಮೇಲೆ ದನಿ ತಗ್ಗಿತು. “ನನ್ನ ಮದುವೇಲಿ ಓಲಗದವರು ಇಂಥದ್ದೇ ನಾಲ್ಕೈದನ್ನ ದಾರದಲ್ಲಿ ಕಟ್ಟಿ ವಾದ್ಯಕ್ಕೆ ನೇತು ಹಾಕಿದ್ರು. ಎಷ್ಟು ಮದುವೆ ನೋಡಿದೀನಿ. ಅದ್ಯಾಕೆ ಅಂತ ಒಂದಿನಾನೂ ಕೇಳಲಿಲ್ಲ ನೋಡು.”

ದಿಯಾಳನ್ನು ಕರೆದು, ತಾವು ಹೇಳಿದ್ದನ್ನು ಮಾಯಾಗೆ ಇಂಗ್ಲಿಷಿನಲ್ಲಿ ಹೇಳು ಎಂದರು. ವಯಸ್ಸಾಗಿದೆ, ಗೊತ್ತಾಗಲಿಲ್ಲ, ಮನೆಗೆ ಬಂದ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕಿದೆ, ಹೊಟ್ಟೆಗೆ ಹಾಕ್ಕೋಬೇಕು, ಹೀಗೆ ಎರಡು ನಿಮಿಷ.

“ಅಜ್ಜಿ ಸೇಸ್ ಸಾರಿ” ಎಂದಳು ದಿಯಾ.

“ಇಷ್ಟೇನಾ? ನಾನು ಅಷ್ಟೊಂದು ಹೇಳಿದ್ನಲ್ಲೇ!”

ಆ ದಿನ ಮೊದಲ ಬಾರಿಗೆ ಮಾಯಾ ನಕ್ಕರು. ಅತ್ತೆ ಎದ್ದು, ತಮ್ಮ ಪೂಜೆಯ ಬೆಳ್ಳಿ ಲೋಟ ತೊಳೆದು ನೀರು ತುಂಬಿ ಆಕೆಯ ಮುಂದಿಟ್ಟರು. ನೀರು ಕದಡಿದಾಗಲೆಲ್ಲ ಅದನ್ನು ಚೆಲ್ಲಿ ಹೊಸದು ತಂದರು. ನಾನು ಎದ್ದರೆ ನನ್ನನ್ನು ಕೂರಿಸಿದರು. ಅತ್ತೆಯ ಕೈ ಎಂಜಲು ನೀರು ಮುಟ್ಟಿದ್ದನ್ನು ಈ ಹದಿನೆಂಟು ವರ್ಷದಲ್ಲಿ ನಾನು ನೋಡಿರಲಿಲ್ಲ.

680 ಹೆದ್ದಾರಿ ಹಿಡಿದು, ಸೇತುವೆ ದಾಟಿ, ಹೇಗೋ ಹೊತ್ತಿಗೆ ಸರಿಯಾಗಿ ತಲುಪಿದೆವು. ಆ ನಿಧಾನದ ಹಾಡು ಬಂತು. ನಾಲ್ವರೂ ವಾದ್ಯ ಕೆಳಗಿಳಿಸಿದರು. ಮಾಯಾ ಒಬ್ಬರೇ ಉಸಿರೆಳೆದುಕೊಂಡರು. ಅತ್ತೆ ನನ್ನ ಕೈ ಹಿಡಿದುಕೊಂಡರು, ಬಳೆ ಒತ್ತುವಷ್ಟು ಬಿಗಿಯಾಗಿ. ಬೆಳಗ್ಗೆ ನಮ್ಮ ಮೇಜಿನ ಮೇಲೆ ಕ್ರಾ ಎನ್ನುತ್ತಿದ್ದ ಕಡ್ಡಿಯಿಂದ, ಯಾರೋ ದೂರದ ಬೆಟ್ಟದಿಂದ ಮನೆಯವರನ್ನು ಕರೆದ ಹಾಗೆ ಒಂದು ದನಿ ಹೊರಟಿತು. ಒಂದು ಕಡೆ ಮಾತ್ರ ಸೀಳಿತು.

“ನನ್ನಿಂದಲೇ” ಎಂದು ಅತ್ತೆ ಕಣ್ಣೊರೆಸಿಕೊಂಡರು.

ಆಮೇಲೆ ಮಾಯಾ ಮುಚ್ಚಿಡಲಿಲ್ಲ. “ಹಳೇದಾಗಿದ್ದರೆ ಅಲ್ಲಿ ಸೀಳ್ತಿರಲಿಲ್ಲ” ಎಂದರು. ಅತ್ತೆಯನ್ನು ತಬ್ಬಿಕೊಂಡು, “ಆದ್ರೆ ಟೂರ್ ಮುಗಿಯೋವರೆಗೂ ಇವರನ್ನ ಕರ್ಕೊಂಡು ಹೋಗ್ಲಾ? ನೀರು ಬದಲಾಯಿಸೋಕೆ” ಎಂದೂ ಸೇರಿಸಿದರು.

ಮಾಯಾ ಹೋಗಿ ನಾಲ್ಕು ದಿನವಾಯಿತು. ನನ್ನ ಗಂಡ ಕುಡಿದು ಬಿಟ್ಟ ಅರ್ಧ ಲೋಟ ನೀರು ಈಗ ಕಟ್ಟೆಯ ಮೇಲಿದೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಇಡೀ ಮನೆಗೆ ಕೇಳುವಂತೆ ಕೂಗುತ್ತಾರೆ:

“ಚೆಲ್ಲಲಾ? ಇದರಲ್ಲಿ ಯಾರದ್ದಾದರೂ ದನಿ ಇದ್ಯಾ?”