ಗೇಮ್ ಕಾಕುನ ಮೊದಲ ಹೆಸರು

ಕಾಕುನ ಎಡಗೈ ಹೆಬ್ಬೆರಳಿನ ಮೇಲೆ ಒಂದು ದುಂಡನೆಯ ಗುರುತಿತ್ತು. ಅಂಗೈ ತುಂಬ ಜೋಳದ ರೊಟ್ಟಿ ಬಡಿದು ಬಡಿದು ಬಂದ ಗಡಸು. ಹೆಬ್ಬೆರಳ ತುದಿಯಲ್ಲಿ ಮಾತ್ರ ಬೇರೆಯದೇ ಗಡಸು, ಅಂಗಿಯ ಗುಂಡಿಯೊಂದನ್ನು ಒತ್ತಿ ತೆಗೆದ ಹಾಗೆ. ವಿಡಿಯೋ ಗೇಮಿನ ರಿಮೋಟಿನಲ್ಲಿ ಆಟದೊಳಗಿನ ಮನುಷ್ಯನನ್ನು ನಡೆಸಲು ಒಂದು ಮೋಟು ಕಡ್ಡಿ ಇರುತ್ತದಲ್ಲ, ಅದರ ತಲೆಯನ್ನು ವರ್ಷಗಟ್ಟಲೆ ಒತ್ತಿ ಆದ ಗುರುತು ಅದು. ಹುಮನಾಬಾದಿನಲ್ಲಿ ಆ ವಯಸ್ಸಿನ ಬೇರೆ ಯಾವ ಹೆಂಗಸಿನ ಕೈಯಲ್ಲೂ ನಾನು ಅದನ್ನು ಕಂಡಿಲ್ಲ.

ಹೆದ್ದಾರಿ ಬದಿಯಲ್ಲಿ ಅವರ ಗಂಡ ಕಾಕಾನ ಪಂಕ್ಚರ್ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ನಾಲ್ಕು ಟಿವಿ, ನಾಲ್ಕು ಗೇಮ್ ಪೆಟ್ಟಿಗೆ, ಒಂದು ಉದ್ದ ಬೆಂಚು. ಮುಂದೆ ಗಾಳಿ ತುಂಬುವ ಯಂತ್ರ ಗುಡುಗುಟ್ಟುತ್ತಿದ್ದರೆ ಹಿಂದೆ ಹುಡುಗರ ಗದ್ದಲ. ಎರಡರ ನಡುವೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತವರು ಕಾಕು. ಊರಿನ ಹುಡುಗರು ಗೇಮ್ ಕಾಕು ಅಂತಿದ್ದರು. ಹುಡುಗನಲ್ಲದ ನನಗೂ ಅವರು ಕಾಕುನೇ.

ನಾನು ಬಸವಕಲ್ಯಾಣದಲ್ಲಿ ಹಳೆಯ ಮೊಬೈಲು, ಹಳೆಯ ಟಿವಿ ಕೊಂಡು ಮಾರುವವನು. ನನಗೆ ಯಾರೂ ಅಂಗಡಿ ಹಾಕಿಕೊಡಲಿಲ್ಲ. ಹೈದರಾಬಾದಿನ ಹಳೇ ಮಾಲಿನ ಬಜಾರಿನಲ್ಲಿ ಚೌಕಾಸಿ ಮಾಡಿ ಮಾಡಿಯೇ ಕಾಲ ಮೇಲೆ ನಿಂತೆ. ಕಾಕುಗೆ ಮೊದಲ ಟಿವಿ ಮಾರಲು ಹೋದ ದಿನ ನನ್ನ ನಾಲಿಗೆಗೆ ತಕ್ಕ ನಾಲಿಗೆ ಸಿಕ್ಕಿತು.

"ತಮ್ಮಾ, ಮಾಲು ತೋರಸಬ್ಯಾಡ, ಮಾಲಿನ ತಪ್ಪು ತೋರಸು. ಆಮ್ಯಾಲ ರೇಟ್ ಮಾತಾಡೂಣು" ಅಂದರು.

ಹೊಸದಾಗಿ ಈ ಧಂದೆಗೆ ಬರುವವರಿಗೆ ನಾನು ಇವತ್ತಿಗೂ ಈ ಮಾತನ್ನೇ ಹೇಳುತ್ತೇನೆ. ತಪ್ಪನ್ನು ನೀವೇ ಮೊದಲು ತೋರಿಸಿದರೆ ಗಿರಾಕಿ ಹುಡುಕುತ್ತ ಕೂಡುವುದಿಲ್ಲ, ಸೌದಾ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ನನ್ನದೇ ಬುದ್ಧಿ ಅನ್ನುವ ಹಾಗೆ ಹೇಳುತ್ತೇನೆ. ಅದು ಕಾಕುನದು.

ಹೊಸ ಸೀಡಿ ಬಂದರೆ ಮೊದಲು ತಾವೇ ಆಡಿ ನೋಡುತ್ತಿದ್ದರು. ಹುಡುಗರು ನೋಡಬಾರದ ಹೇಸಿಗೆ ಏನಾದರೂ ಇದೆಯೋ ಎಂದು ಪರೀಕ್ಷೆ ಅಂತ ಹೇಳುತ್ತಿದ್ದರು. ಖರೇ ಅಂದರೆ ಅವರಿಗೆ ಆಟದ ಹುಚ್ಚು. ಕೋಣೆಗೆ ಅವರದೇ ಒಂದು ಕಾನೂನಿತ್ತು. ಆಟದಲ್ಲಿ ಸೋತ ಹುಡುಗ ಬೈಗುಳಕ್ಕೆ ಬಾಯಿ ತೆರೆದರೆ ಮಡಕೆ ಕಡೆ ಕೈ ತೋರಿಸುತ್ತಿದ್ದರು: "ಸೋತೋರು ಮೊದ್ಲು ನೀರು ಕುಡೀರಿ, ಆಮ್ಯಾಲ ಬೈರಿ." ನೀರು ಕುಡಿದು ಬಂದವನಿಗೆ ಬೈಯುವ ಉಮೇದು ಉಳಿಯುತ್ತಿರಲಿಲ್ಲ.

ಒಮ್ಮೆ ಹೈದರಾಬಾದಿನಿಂದ ತಂದ ಚೀಲದಲ್ಲಿ ಒಂದು ಜಪಾನಿ ಸೀಡಿ ಬಂದಿತ್ತು. ಮೇಲೆ ಒಂದಕ್ಷರವೂ ಇಂಗ್ಲಿಷಿಲ್ಲ. ಮಂಜು ಕವಿದ ಹೊಳೆ, ದೋಣಿ, ದೋಣಿಯಲ್ಲಿ ಒಬ್ಬ ಹುಡುಗಿಯ ಬೆನ್ನು, ಅಷ್ಟೇ ಚಿತ್ರ. ಯಾರೂ ಕೊಳ್ಳದ ಮಾಲು ಅಂತ ಬೇರೆ ಸೀಡಿಗಳ ಸಂಗಡ ಕಾಕುಗೆ ಪುಗಸಟ್ಟೆ ಕೊಟ್ಟೆ. ಮುಂದಿನ ಸಲ ಹೋದಾಗ ಅವರು ಅದನ್ನೇ ಆಡುತ್ತ ಕೂತಿದ್ದರು.

"ಇದರ ಹೆಸರೇನೋ ತಮ್ಮಾ?"

ನನ್ನ ಮೊಬೈಲಿನ ಕ್ಯಾಮೆರಾವನ್ನು ಅದರ ಮೇಲೆ ಹಿಡಿದೆ. ಬೇರೆ ಭಾಷೆಯ ಅಕ್ಷರವನ್ನು ಓದಿ ಅರ್ಥ ಹೇಳುವ ಆ್ಯಪ್ ಆಗ ಹೊಸದು. 'ಕವಾ ನೋ ಮುಕೋ' ಅಂತ ಓದಿತು. ಹೊಳೆಯ ಆಚೆ ಅಂತ ಅರ್ಥ. ಕಾಕು ಎರಡು ಸಲ ಬಾಯಲ್ಲೇ ಹೇಳಿಕೊಂಡರು. ಆಮೇಲೆ ಮಾರ್ಕರ್ ತಗೊಂಡು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದರು.

ಆಟ ಬಹಳ ಸಾದಾ. ಹೊಳೆಯ ಈಚೆ ದಡದ ಒಂದು ಮನೆಯಲ್ಲಿ ಆ ಹುಡುಗಿ ಕೆಲಸಕ್ಕಿರುತ್ತಾಳೆ. ಸಂಜೆ ದೋಣಿ ಹತ್ತಿ ತನ್ನ ಮನೆಗೆ ಹೋಗಬೇಕು. ಮಂಜಿನಲ್ಲಿ ದಡ ಕಾಣುವುದಿಲ್ಲ. ಆಚೆ ದಡದಿಂದ ಅವಳ ತಾಯಿ "ಫುಮೀ, ಫುಮೀ" ಎಂದು ಹೆಸರು ಹಿಡಿದು ಕೂಗುತ್ತಾಳೆ. ಆ ದನಿ ಬಂದ ಕಡೆಗೆ ಹುಟ್ಟು ಹಾಕುತ್ತ ಹೋಗುವುದೇ ಆಟ. ಕಿವಿಯಿದ್ದರೆ ಸಾಕು, ಭಾಷೆ ಬೇಡ.

ಮುಂದಿನ ವರ್ಷ ಅದೇ ಆಟ ಇಂಗ್ಲಿಷಿನಲ್ಲಿ ಬಂತು. ಹೆಸರು 'ಬ್ಲಡ್ ರಿವರ್ ಫ್ಯೂರಿ'. ಡಬ್ಬಿಯ ಮೇಲೆ ಬೆಂಕಿ, ಬೆಂಕಿಯೊಳಗೆ ಕತ್ತಿ. ಆಟದಲ್ಲಿ ಇದ್ದದ್ದೇ ಒಂದು ಕತ್ತಿ, ಅದೂ ಅಡುಗೆಮನೆಯದು. ಆದರೆ ಹೆಸರಿಗೆ ಹುಡುಗರು ಮುಗಿಬಿದ್ದರು. ಕೋಣೆಯ ಹೊರಗೆ ಆಟಗಳ ಹೆಸರು ಬರೆಯುವ ಹಲಗೆಯೊಂದಿತ್ತು. ಆ ಇಂಗ್ಲಿಷ್ ಸೀಡಿ ತಂದುಕೊಟ್ಟ ದಿನ ನಾನೇ ಹೇಳಿದೆ:

"ಕಾಕು, ಹಲಗಿ ಮ್ಯಾಲ ಇಂಗ್ಲಿಷ್ ಹೆಸರು ಬರೀರಿ. ಜಪಾನಿದು ಯಾರಿಗೆ ಬೇಕಾಗ್ಯದ?"

"ಅದು ಅದರ ಹೆಸರಲ್ಲ."

"ಹೆಸರು ಇರೋದೇ ಗಿರಾಕಿ ಕರೀಲಿಕ್ಕ ಕಾಕು."

"ಅಲ್ಲೋ ತಮ್ಮಾ. ಹೆಸರು ಇರೋದು ಮನಿಗೆ ಕರೀಲಿಕ್ಕ."

ಆಟದ ಗುಂಗಿನಲ್ಲಿ ಮಾತಾಡುತ್ತಿದ್ದಾರೆ ಅಂದುಕೊಂಡೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಕವಾ ನೋ ಮುಕೋ' ಅಂತಲೇ ಬರೆದರು. ಹುಡುಗರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಕಾಕು, ಬ್ಲಡ್ ರಿವರ್ ಇಲ್ಲೇನ್ರಿ?"

"ಅದೇ ಇದು. ಕುಂದರು."

"ಇದ್ರಾಗ ಕತ್ತಿ ಯಾವಾಗ ಸಿಗ್ತದ್ರಿ?"

"ಸಿಗ್ತದ, ಬದ್ನಿಕಾಯಿ ಹೆಚ್ಚೂಮುಂದ."

ನಗುತ್ತ ಹೋದವರು ಹಳೇ ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಗೇಮ್ ಅಂಗಡಿಗೆ ಹೋಗುತ್ತಿದ್ದರು. ಆಟ ಒಂದೇ, ಹೆಸರು ಬೇರೆ. ನನಗೆ ತಡೆಯಲಾಗಲಿಲ್ಲ. ಗಿರಾಕಿಯನ್ನು ಕೈಯಾರೆ ದೂಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಮಧ್ಯಾಹ್ನ ಹೋಗಿ, ಅವರು ಆಡದೇ ಇಟ್ಟಿದ್ದ ಇಂಗ್ಲಿಷ್ ಸೀಡಿಯನ್ನು ನಾನೇ ಹಾಕಿ, ರಿಮೋಟನ್ನು ಅವರ ಕೈಗೆ ಕೊಟ್ಟೆ. ಎರಡೂ ಒಂದೇ, ನೋಡಿ ನಿರ್ಧರಿಸಲಿ ಅಂತ.

ಅದೇ ಹೊಳೆ, ಅದೇ ಮಂಜು, ಅದೇ ಹುಡುಗಿ. ಆಚೆ ದಡದಿಂದ ತಾಯಿ ಕೂಗಿದಳು: "ಎಮ್ಮಾ, ಎಮ್ಮಾ."

ಕಾಕುನ ಹೆಬ್ಬೆರಳು ನಿಂತಿತು. ದೋಣಿ ನೀರಿನ ನಡುವೆ ನಿಂತಿತು.

"ಇಕಿ ಹೆಸರೂ ಬದ್ಲಿ ಮಾಡ್ಯಾರ?"

"ಅಲ್ಲಿನ ಮಂದಿಗೆ ಬಾಯಿಗೆ ಬರಲಿ ಅಂತ ಮಾಡಿರ್ತಾರ್ರಿ."

"ಅವ್ವ ಕೂಗೂಮುಂದನೂ?"

ಹೊರಗೆ ಕಾಕಾ ಟಾಯರಿಗೆ ಸುತ್ತಿಗೆ ಬಡಿಯುತ್ತಿದ್ದರು. ಕಾಕು ಟಿವಿಯ ದನಿ ಇಳಿಸಿ, ಟಿವಿಗೇ ಹೇಳುವ ಹಾಗೆ ಹೇಳಿದರು:

"ನಂದೂ ಬದ್ಲಿ ಮಾಡ್ಯಾರ. ಮದುವ್ಯಾಗ ತಾಟಿನ್ಯಾಗ ಅಕ್ಕಿ ಹರವಿ, ಅದರ ಮ್ಯಾಲ ನಿಮ್ಮ ಕಾಕಾನ ಬೆರಳು ಹಿಡಿದು ಹೊಸ ಹೆಸರು ಬರಸಿದ್ರು. ಮರುದಿನ ಆ ಅಕ್ಕಿ ನಾನೇ ಬೇಯಿಸಿ ಬಡಿಸಿದೆ. ಎಲ್ಲಾರೂ ಕೂಡಿ ಉಂಡು ಮುಗಿಸಿದ್ರು."

ನಮ್ಮ ಕಡೆ ಇದು ಹೊಸದಲ್ಲ. ನನ್ನ ತಾಯಿಗೂ ಹಾಗೇ ಆಗಿತ್ತು. ಎಂದೂ ಅದರ ಬಗ್ಗೆ ಯೋಚಿಸಿದವನಲ್ಲ. ಕಾಕುಗೆ ಇಟ್ಟ ಹೆಸರಿನ ಹಿಂದೆ ಮಾತ್ರ ಇನ್ನೊಂದು ಸಂಗತಿಯಿತ್ತು. ಅತ್ತೆಗೆ ಒಬ್ಬ ಮಗಳಿದ್ದು, ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಸೊಸೆಗೆ ಇಟ್ಟದ್ದು ಆ ಮಗಳ ಹೆಸರು.

"ಅತ್ತಿ ಕರದ್ರ ಹ್ಯಾಂಗ ಒಲ್ಲೆ ಅನ್ನಲಿ? ಆಕಿ ನನ್ನ ಕರೀತಿರಲಿಲ್ಲ, ಮಗಳ್ನ ಕರೀತಿದ್ಲು. ಓ ಅಂದೆ. ಓ ಅಂತನೇ ಬಂದೆ" ಅಂದರು. ಆಮೇಲೆ ತಮ್ಮ ಮೊದಲ ಹೆಸರನ್ನು ಒಂದು ಸಲ ಹೇಳಿದರು. ಮುಡಬಿಯಲ್ಲಿ, ತವರಿನಲ್ಲಿ, ಶಾಲೆಯಲ್ಲಿ ಅವರನ್ನು ಕರೆಯುತ್ತಿದ್ದ ಹೆಸರು. ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ.

ಹಲಗೆಯ ಬಗ್ಗೆ ನಾನು ಮತ್ತೆ ಬಾಯಿ ತೆರೆಯಲಿಲ್ಲ.

ಬರಬರುತ್ತ ಎಲ್ಲರ ಕೈಗೂ ಮೊಬೈಲು ಬಂದು ಬೆಂಚು ಖಾಲಿಯಾಯಿತು. ಕಾಕುನ ಮೂತ್ರಪಿಂಡ ಕೆಟ್ಟದ್ದೂ ಅದೇ ಕಾಲಕ್ಕೆ. ರಕ್ತ ಶುದ್ಧಿ ಮಾಡಿಸಲು ಕಲಬುರಗಿಗೆ ಹೋಗಿ ಬಂದ ದಿನ ಮುಖ ಊದಿ ಗುರುತು ಸಿಗದಂತಾಗುತ್ತಿತ್ತು. ಟಿವಿಗಳನ್ನು ವಾಪಸ್ ಕೊಳ್ಳಲು ನನಗೇ ಹೇಳಿಕಳಿಸಿದರು. ಹೋದೆ. ಮಂಚದ ಮೇಲಿಂದಲೇ ನಾಲ್ಕೂ ಟಿವಿಯ ತಪ್ಪುಗಳನ್ನು ಒಂದೊಂದಾಗಿ ಹೇಳಿ, ಆಮೇಲೆ ರೇಟು ಮಾತಾಡಿದರು. ಮುಗಿದ ಮೇಲೆ ಅಂದರು:

"ನಾ ಸತ್ತ್ರ ಬ್ಯಾನರ್ ನೀನೇ ಮಾಡಸ್ತಿ. ಕಡಿಮಿ ರೇಟಿನ್ಯಾಗ ನಿನ್ಹಂಗ ಯಾರೂ ಮಾಡಸಂಗಿಲ್ಲ. ಅದರ ಮ್ಯಾಲ ನನ್ನ ಮೊದ್ಲಿನ ಹೆಸರು ಹಾಕ್ಸು."

"ಹಂಗ ಯಾಕ ಮಾತಾಡ್ತೀರಿ ಕಾಕು?"

"ಮುಡಬಿ ಬಸ್ಸಿನ್ಯಾಗ ಹೋಗೋರು ಯಾರರ ನೋಡ್ತಾರ. ಹೋದ್ಲು ಅಂತ ಅವರಿಗರ ಗೊತ್ತಾಗಲಿ. ಇಲ್ಲಾಂದ್ರ ಅವರ ಲೆಕ್ಕದಾಗ ನಾ ಎಲ್ಲಿ ಹೋದೆ?"

ಮಾತು ಕೊಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಾಕು ಹೋದರು.

ಬ್ಯಾನರಿನ ಮಾತೆತ್ತಿದಾಗ ಕಾಕಾ ತಲೆ ಎತ್ತಲಿಲ್ಲ. "ಆ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲೋ. ಆಧಾರದಾಗಿಲ್ಲ, ರೇಷನ್ ಕಾರ್ಡಿನ್ಯಾಗಿಲ್ಲ. ಯಾರು ಸತ್ತ್ರು ಅಂತ ಮಂದಿ ಕೇಳ್ತಾರ."

"ಎರಡೂ ಹಾಕೂಣ್ರಿ ಕಾಕಾ. ಮ್ಯಾಲ ಇದು, ಕೆಳಗ ಅದು."

ಅವರು ಒಳಗಿನ ಕೋಣೆಯ ಕಡೆ ಕಣ್ಣು ತೋರಿಸಿದರು. ಅಲ್ಲಿ ಕಾಕುನ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ತೊಂಬತ್ತು ಸಮೀಪಿಸಿದ ಅಜ್ಜಿ. ಅಳು ಮುಗಿದು ಬರೀ ಮಾತು ಉಳಿದಿತ್ತು. ಒಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತಿದ್ದರು:

"ಒಬ್ಬಾಕಿ ಮಗಳು ನನಗ ಎರಡು ಸಲ ಸತ್ಲು."

ಎಷ್ಟೋ ಸೌದಾ ಮಾಡಿದ್ದೇನೆ. ಎದುರಿನವನ ಬಳಿ ಇರುವುದಕ್ಕಿಂತ ಹೆಚ್ಚು ಕೇಳಬಾರದು ಎಂಬುದು ನನ್ನ ಮೊದಲ ಪಾಠ. ಆ ಅಜ್ಜಿಯ ಬಳಿ ಆ ಹೆಸರೊಂದೇ ಉಳಿದಿತ್ತು. ಕೇಳದೆ ಎದ್ದು ಬಂದೆ. ಬ್ಯಾನರಿನ ಮೇಲೆ ಅತ್ತೆ ಇಟ್ಟ ಹೆಸರೇ ಬಂತು. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ, ಕೆಳಗೆ ಬ್ಯಾನರ್ ಅಂಗಡಿಯವನು ಬೆಳ್ಳಗೆ ಮಾಡಿ ತುಟಿಗೆ ಬಣ್ಣ ಬಳಿದ, ಊದಿದ ಮುಖದ ಫೋಟೋ. ಬಸ್ ನಿಲ್ದಾಣದ ಎದುರು ಕಂಬಕ್ಕೆ ಕಟ್ಟಿಸಿದೆ.

ವಾರದ ಮೇಲೆ ಯಾವುದೋ ಕೆಲಸಕ್ಕೆ ಹುಮನಾಬಾದಿಗೆ ಹೋದವನು ಆ ಕಂಬದ ಪಕ್ಕದ ಗಾಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ಮಹಾರಾಷ್ಟ್ರದ ಲಾತೂರ ಕಡೆಯ ಸೀರೆ ಉಟ್ಟ ಹೆಂಗಸೊಬ್ಬರು ಕೈಚೀಲ ಹಿಡಿದು ಬಂದು, ಬ್ಯಾನರ್ ಕಟ್ಟಿದ ಕಂಬಕ್ಕೆ ಒರಗಿ ನಿಂತರು. ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, ಹೆಸರು ಓದಿ, "ಪಾಪ, ಯಾವ ತಾಯಿನೋ" ಅಂದರು. ಆಮೇಲೆ ಚಹಾದವನನ್ನು ಕೇಳಿದರು:

"ಅಣ್ಣಾ, ಇಲ್ಲಿ ಹುಡುಗರಿಗೆ ಟಿವಿ ಮ್ಯಾಲ ಆಟ ಆಡಸೋ ಅಂಗಡಿ ಎಲ್ಲಿ ಬರ್ತದ್ರಿ? ಮುಡಬಿದಾಕಿ, ನನ್ನ ಸಂಗಾಟ ಶಾಲಿ ಕಲತಾಕಿ." ಅಂದು, ಆ ಹೆಸರು ಹೇಳಿದರು.

ಚಹಾದವನು ತಲೆಯಾಡಿಸಿದ. "ಆ ಹೆಸರಿನೋರು ಯಾರೂ ಇಲ್ಲಿ ಇಲ್ಲವ್ವಾ."

ಕಾಕು ಬಿಟ್ಟರೆ ಬೇರೆಯವರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೊಂದೇ ಸಲ. ಲೋಟ ಕೆಳಗಿಟ್ಟೆ. "ಅಕ್ಕಾರ, ನೀವು ಈಗ ಓದಿದ್ರಲ್ಲ" ಅಂದು ಮೇಲೆ ಕೈ ತೋರಿಸಿದೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಇಕಿ ಅಲ್ಲ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಹುಬ್ಬಿನ ಹತ್ತಿರ ಏನು ಗುರುತು ಕಂಡಿತೋ, ಕಂಬದ ಬುಡದಲ್ಲಿ ಕುಸಿದು ಕೂತರು. ಚಹಾದವನಿಗೆ ಹೇಳಿ ಮೊದಲು ನೀರು ಕುಡಿಸಿದೆ. ನಾನೂ ಕುಡಿದೆ.

ಅಂದೇ ಸಂಜೆ ಕಾಕಾನ ಬಳಿ ಹೋಗಿ ಕೂತೆ. ಈ ಸಲ ಬ್ಯಾನರಿನ ಮಾತಲ್ಲ, ಹೊಲದಲ್ಲಿ ಮಣ್ಣು ಮಾಡಿದಲ್ಲಿ ನಿಲ್ಲಿಸುವ ಕಲ್ಲಿನ ಮಾತು. ಅಜ್ಜಿ ಹೊಲಕ್ಕೆ ನಡೆಯಲಾರರು, ಆ ಕಲ್ಲನ್ನು ಎಂದೂ ನೋಡುವುದಿಲ್ಲ ಅಂದೆ. ಕಂಬದ ಕೆಳಗೆ ಕಂಡದ್ದನ್ನೂ ಹೇಳಿದೆ. ಕಾಕಾ ಬಹಳ ಹೊತ್ತು ಕೈಗೆ ಹತ್ತಿದ ಮಸಿ ಒರೆಸಿಕೊಂಡರು.

"ಕಲ್ಲಿನ ಮ್ಯಾಲ ಹಾಕ್ಸು. ಆದ್ರ ಅವ್ವ ಇರೂತನಕ ಪೇಪರಿನ್ಯಾಗ, ಬ್ಯಾನರಿನ್ಯಾಗ, ಎಲ್ಲಿನೂ ಬರಬಾರದು. ಬಾಜೂ ಮನಿ ಹುಡುಗಿ ದಿನಾ ಅವ್ವಗ ಎಲ್ಲಾ ಓದಿ ಹೇಳ್ತಾಳ."

ಕೈ ಮೇಲೆ ಕೈ ಇಟ್ಟೆ. ಸೌದಾ ಆಯಿತು.

ಬ್ಯಾನರಿಗೆ ಅಡಿಯ ಲೆಕ್ಕದಲ್ಲಿ ರೇಟು, ಕಲ್ಲಿಗೆ ಅಕ್ಷರದ ಲೆಕ್ಕದಲ್ಲಿ. ಕಲ್ಲು ಕೆತ್ತುವವನ ಜೊತೆ ಚೌಕಾಸಿ ಮಾಡಿದೆ; ಮಾಡದಿದ್ದರೆ ಕಾಕು ಬೈಯುತ್ತಿದ್ದರು. ನಿಮಗೂ ಒಂದು ಮಾತು ಹೇಳುತ್ತೇನೆ, ಕೇಳಿ. ಮನೆಯಲ್ಲಿ ಹೆಂಗಸರು ತೀರಿಕೊಂಡರೆ ಬ್ಯಾನರಿಗೆ ಕೊಡುವ ಮುಂಚೆ ತವರಿನಲ್ಲಿ ಏನಂತ ಕರೆಯುತ್ತಿದ್ದರು ಎಂದು ಕೇಳಿಕೊಳ್ಳಿ. ಒಂದು ಸಾಲು ಹೆಚ್ಚಾದರೆ ಬ್ಯಾನರಿನವನು ಏನೂ ಹೆಚ್ಚು ಕೇಳುವುದಿಲ್ಲ.

ಇಷ್ಟೆಲ್ಲ ಬರೆದು ಆ ಹೆಸರನ್ನೇ ಯಾಕೆ ಬರೆಯಲಿಲ್ಲ ಅಂತ ನಿಮಗೆ ಅನ್ನಿಸಿರಬಹುದು. ಅಜ್ಜಿ ಇನ್ನೂ ಇದ್ದಾರೆ, ಅದಕ್ಕೆ. ಮೊನ್ನೆ ಹೋದಾಗಲೂ ಗೋಡೆಗೆ ಒರಗಿ ಬಾಗಿಲ ಕಡೆ ಮುಖ ಮಾಡಿ ಮಗಳನ್ನು ಕರೆಯುತ್ತಿದ್ದರು. ಓ ಅನ್ನುವವರು ಯಾರೂ ಇರಲಿಲ್ಲ. ನೀವು ಹುಮನಾಬಾದಿಗೆ ಹೋದರೆ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಕೇಳಿ, ಕಾಕಾ ಹೊಲದ ದಾರಿ ತೋರಿಸುತ್ತಾರೆ. ಬೇವಿನ ಗಿಡದ ಕೆಳಗಿನ ಕಲ್ಲು. ಅದರ ಮೇಲೆ ಒಂದೇ ಹೆಸರಿದೆ. ಮನಸ್ಸಿನಲ್ಲಿ ಓದಿಕೊಂಡು ಬರಬೇಡಿ, ಗಟ್ಟಿಯಾಗಿ ಓದಿ. ಅಜ್ಜಿಯ ಕಿವಿಗೆ ಅದು ಮುಟ್ಟುವುದಿಲ್ಲ.